ಬಲಗಡೆಯದಕ್ಕೆ ಮಾತ್ರ ಕರೆಂಟು

ನಾಲ್ಕೂವರೆ ಚಾಪೆಯ ಕೋಣೆ.
ಹಾಸಿಗೆ ಮಡಚಿದರೆ ಮೇಜಿಗೆ ಜಾಗ.
ಒಸಾಕಾದ ಅಂಗಡಿಯಲ್ಲಿ ಕುನಿಹಾರು
ಕೇಳಿದ್ದು ಹಾಡನ್ನಲ್ಲ,
ಹಾಡಿಗೆ ಮುಂಚೆ ಸ್ಟೂಲು ಕಿರುಗುಟ್ಟುವುದನ್ನು,
ಯಾರೋ ಉಗುಳು ನುಂಗುವುದನ್ನು.

ದೊಡ್ಡ ಜೋಡಿ ಅದನ್ನೂ ನುಂಗಿ ಗುಡುಗಿತು.
'ಗೋಡೆಗೆ ಆನಿಸಿದರೆ ಇನ್ನೂ ಗುಡುಗುತ್ತೆ'
ಅಂದಳು ಅಂಗಡಿಯಾಕೆ, ವ್ಯಾಪಾರ ಮರೆತು.
ಅಂಗೈಯಗಲದ ಜೋಡಿ ತಂದ.

ಬಲಗಡೆಯದಕ್ಕೆ ಮಾತ್ರ ಕರೆಂಟು;
ಎಡದ್ದು ಒಂದೆಳೆ ತಂತಿ ಹಿಡಿದು
ಕೊಟ್ಟಷ್ಟರಲ್ಲೇ ದನಿ ತೆಗೆಯುತ್ತದೆ.
ಅಡಿಗೆ ಹಳೆ ನಿಘಂಟು ಕೊಟ್ಟು
ಕಿವಿಯ ಮಟ್ಟಕ್ಕೆ ಎತ್ತಿದ,
ತಲೆಗೂ ಅವಕ್ಕೂ ಗೇಣು ಹಾಕಿ ಅಳೆದ.

ರಾತ್ರಿ, ಎಡಗಡೆ, ಒಂದು ಕೆಮ್ಮು.
ಸ್ಟೂಲಿನವನದೋ?
ಪಕ್ಕದ ಕೋಣೆಯ ಟ್ಯಾಕ್ಸಿಯವನದೋ?

ಹಿಂದಕ್ಕೆ ಓಡಿಸಿ
ಮತ್ತೆ ಕೇಳಿದ.
ಸ್ಟೂಲು ಇತ್ತು, ಉಗುಳೂ ಇತ್ತು.
ಕೆಮ್ಮು ಮಾತ್ರ
ಈ ಸಲ ಕೊಂಚ ತಡವಾಗಿ ಬಂತು.