ನೆಲ ಸಡಿಲುವ ತನಕ

ಫಿನ್‌ಲೆಂಡಿನ ಭೂಪಟದಲ್ಲಿ ಹೆಸರಿಲ್ಲದ ನಮ್ಮೂರಲ್ಲಿ
ಹಿಮವನ್ನು ಯಾರೂ ಹೊಗಳುತ್ತಿರಲಿಲ್ಲ,
ಅಳೆಯುತ್ತಿದ್ದರು, ಅಷ್ಟೆ.
ಡೇರಿಯ ಹಿಂಗೋಡೆಗೆ ವರ್ಷಕ್ಕೊಂದು ಮೊಳೆ
ಹೊಡೆಯುತ್ತಿದ್ದವನು ಓಸ್ಕರಿ.
ಎಲ್ಲಕ್ಕೂ ಮೇಲಿನದು ಅರವತ್ತಾರರದು,
ಕಿಟಕಿಯನ್ನೂ ದಾಟಿ.

ಆ ಜನವರಿಯಲ್ಲಿ ವಿಲ್ಯೊ ಸತ್ತ.
ಹಾರೆ ಬಿದ್ದಲ್ಲೆಲ್ಲ ನೆಲ ಕಿಡಿ ಕಾರಿತು.
ಮೂವರು ಎರಡು ದಿನ ಅಗೆದು
ಮೊಣಕಾಲುದ್ದದ ಗುಂಡಿಯಲ್ಲಿ ನಿಂತು
ಒಬ್ಬರ ಮುಖ ಒಬ್ಬರು ನೋಡಿಕೊಂಡರು.
'ಏಪ್ರಿಲ್ ಬರಲಿ' ಅಂದರು ಪಾದ್ರಿ,
ಬಾಕಿದಾರನಿಗೆ ಗಡುವು ಕೊಟ್ಟ ಹಾಗೆ.

ಪೆಟ್ಟಿಗೆಯನ್ನು ಕಣಜದಲ್ಲಿ
ಬಾರ್ಲಿ ಚೀಲಗಳ ಪಕ್ಕಕ್ಕಿಟ್ಟರು.
ಇಲಿಗಳ ನೆನಪಾಗಿ ಬೆಕ್ಕನ್ನೂ ಒಳಗೆ ಬಿಟ್ಟರು.

ನನಗಾಗ ಒಂಬತ್ತು.
ಹಿಲ್ಮಾ ಅಜ್ಜಿಗೆ ಹಾಲು ಒಯ್ಯುವುದು ನನ್ನ ಪಾಲಿನ ಕೆಲಸ.
ಮನೆಯಲ್ಲಿರುತ್ತಿರಲಿಲ್ಲ ಅವಳು.
ಕಣಜದಲ್ಲಿ ಚೀಲದ ಮೇಲೆ ಕೂತು
ಮುಚ್ಚಳದ ಮಂಜನ್ನು ಕೈಗವಸಿನಿಂದ ಒರೆಸುತ್ತ
ವರದಿ ಒಪ್ಪಿಸುತ್ತಿದ್ದಳು:

'ಕೆಂದಿ ಕರು ಹಾಕಿತು, ಮತ್ತೆ ಗಂಡು.
ಕೆಳಮನೆಯವರು ಟ್ರ್ಯಾಕ್ಟರ್ ತಂದರು, ನೀಲಿಯದು,
ನಿನಗೆ ಹಿಡಿಸುತ್ತಿರಲಿಲ್ಲ ಬಿಡು.
ನಿನ್ನ ಗರಗಸ ಓಸ್ಕರಿ ಇಸಕೊಂಡು ಹೋದ.
ಇನ್ನು ಅದರ ಆಸೆ ಬೇಡ.'

ಒಂದು ದಿನ ನನ್ನ ಕಡೆ ತಿರುಗಿ ಅಂದಳು:
'ನಲವತ್ತೊಂದು ವರ್ಷದಲ್ಲಿ
ಇಷ್ಟು ಮಾತಾಡಿದವರಲ್ಲ ಮಗಳೇ ನಾವು.
ಈಗ ಎದ್ದು ಹೋಗುವುದಿಲ್ಲ ನೋಡು.'

ಮಾರ್ಚ್ ಮುಗಿಯುತ್ತ ಸೂರಿನಿಂದ
ಮೊದಲ ಹನಿ ತೊಟ್ಟಿಕ್ಕಿತು.
ಊರು ಬಾಗಿಲು ತೆರೆದು ನಕ್ಕಿತು.
ಅವಳೊಬ್ಬಳು
ಬಕೆಟ್ಟಿನಲ್ಲಿ ಹಿಮ ಹೊತ್ತು ತಂದು
ಕಣಜದ ಗೋಡೆಬುಡಕ್ಕೆ ಒತ್ತುತ್ತಿದ್ದಳು,
ಅಂಗೈಯಿಂದ ತಟ್ಟಿ ತಟ್ಟಿ,
ಮಗುವಿಗೆ ಹೊದಿಸಿದಂತೆ.
ನಾನು ಕಂಡೆ. ಯಾರಿಗೂ ಹೇಳಲಿಲ್ಲ.

ಡೇರಿ ಮುಚ್ಚಿ ಬಹಳ ಕಾಲವಾಯಿತು.
ಮೊಳೆಗಳು ಅಳುಬುರುಕರ ಹಾಗೆ
ಗೋಡೆಯುದ್ದ ತುಕ್ಕು ಇಳಿಸಿವೆ.
ಹೋದ ಜನವರಿಯಲ್ಲಿ ನನ್ನ ರೇಯ್ನೊ ಹೋದ.
ಹೊರಗೆ ಮಳೆ.
ಬಾಡಿಗೆ ಯಂತ್ರ ಬಂದು ಇಪ್ಪತ್ತು ನಿಮಿಷದಲ್ಲಿ
ಕೆಸರು ಎತ್ತಿ ಪಕ್ಕಕ್ಕೆ ಹಾಕಿತು.
ಎಲ್ಲರೂ ಅಂದರು: ಸದ್ಯ, ಬೇಗ ಮುಗಿಯಿತು.
ಹೌದು, ಅಂದೆ.

ನಿನ್ನೆ ಬೆಕ್ಕು ಮರಿ ಹಾಕಿತು, ಐದು,
ಅದೂ ಅವನ ಬೂಟಿನ ಪೆಟ್ಟಿಗೆಯಲ್ಲಿ.
ಹೇಳಿ ಬರೋಣ ಅಂತ
ಕೋಟು ಹಾಕಿಕೊಂಡು
ಕಣಜದ ತನಕ ಹೋಗಿಬಿಟ್ಟೆ.

ಒಳಗೆ ಹುಲ್ಲು ಕತ್ತರಿಸುವ ಯಂತ್ರ,
ಪೇಂಟಿನ ಖಾಲಿ ಡಬ್ಬಗಳು.
ಸ್ವಲ್ಪ ಹೊತ್ತು ನಿಂತೆ.
ಆಮೇಲೆ ಅವಕ್ಕೇ ಹೇಳಿ ಬಂದೆ.