ಸಮೋನ್ನತಿ ರೇಖೆ

ಪಾರ್ಸೆಲ್ ಇಳಿಸುತ್ತ ಅಂಚೆಯ ಕುಶಾಲಪ್ಪ ಅಂದ:
"ಅಬ್ಬ, ಎರಡು ಕೇಜಿ ಉಂಟು ನಿನ್ನ ಬಿ.ಎ."
ತೂಕವಷ್ಟೇ ನನಗೆ ಓದಲು ಬಂತು.
ಫೋನಿಗೆ ಇಳಿಸಿದ ಪುಸ್ತಕವೂ ಬರೀ ಪುಟಗಳ ಫೋಟೋ;
ಒಳಗಿನ ಹೆಂಗಸು ಚಿತ್ರ, ಚಿತ್ರ, ಚಿತ್ರ ಅಂತ
ಮುನ್ನೂರ ಹನ್ನೆರಡು ಸಲ ಅಂದು ಸುಮ್ಮನಾದಳು.

ನಾಪೋಕ್ಲು ಪೇಟೆಯಲ್ಲಿ ಸುಹರಾಳ ಹೊಲಿಗೆ ಅಂಗಡಿ.
ಏಳನೇ ಕ್ಲಾಸಿಗೆ ಬಿಟ್ಟವಳು.
"ತಾ ಇಲ್ಲಿ," ಅಂದಳು, "ಬಾಯಿ ಇದೆಯಲ್ಲ ನನಗೆ."

ಶಟರ್ ಎಳೆದ ಮೇಲೆ ಓದಿ ಓದಿ ಕಳಿಸಿದಳು.
ಭೂಗೋಳ ಅವಳ ಬಾಯಲ್ಲಿ 'ಬೂಗೋಳ',
ಖಂಡಗಳೆಲ್ಲ 'ಕಂಡ'.
ಘಟಕ ಎರಡರಲ್ಲಿ ಯಾರೋ ರವಿಕೆ ಬಿಗಿ ಅನ್ನುತ್ತಾರೆ,
ಮೂರರಲ್ಲಿ ವಿರಾಜಪೇಟೆಯ ಕಡೆಯ ಬಸ್ಸು.
ಇವತ್ತಿಗೂ ವಾಣಿಜ್ಯ ಮಾರುತ ಅಂದರೆ
ನನಗೆ ಆ ಬಸ್ಸು ಗೇರು ಬದಲಿಸುವುದು ಕೇಳುತ್ತದೆ.

ನಾಲ್ಕರಲ್ಲಿ ನಿಂತಳು.
"ಇಲ್ಲೊಂದು ಚಿತ್ರ ಉಂಟು, ದೇಚೂ. ತಾಳು.
ಗೆರೆ ಒಳಗೆ ಗೆರೆ, ಗೆರೆ ಒಳಗೆ ಗೆರೆ.
ಒತ್ತೊತ್ತಾಗಿದ್ದರೆ ಕಡಿದಾದ ಬೆಟ್ಟವಂತೆ.
ಲಂಗದ ನೆರಿಗೆ ಹಾಗೇ ಅಲ್ಲವಾ?
ಸೊಂಟದ ಹತ್ತಿರ ಒತ್ತು, ಕೆಳಗೆ ಸಡಿಲ."
ಆಮೇಲೆ ಹನ್ನೊಂದು ನಿಮಿಷ ಬರೀ ಮಿಷನ್ನಿನ ಸದ್ದು.

ಮರುದಿನ ಕೈಗೆ ಬಂದದ್ದು ಒಂದು ಬಟ್ಟೆ:
ದಪ್ಪ ನೂಲಿನ ಏಣು, ಬಳಸಿ ಬಳಸಿ,
ನಡುವೆ ಶರ್ಟಿನ ಗುಂಡಿ. ತಡಿಯಂಡಮೋಳ್.
ಹುಟ್ಟಿದಾಗಿನಿಂದ ಎಲ್ಲರೂ
"ಅಗೋ ಅಲ್ಲಿ" ಎನ್ನುತ್ತಿದ್ದ ಬೆಟ್ಟವನ್ನು
ಮೂವತ್ತನಾಲ್ಕಕ್ಕೆ ಕಂಡೆ.
ಕಕ್ಕಬ್ಬೆಯ ಕಡೆಯಿಂದ ಹತ್ತುವಾಗ ಬೆರಳು ಎಡವಿತು.

ಮಡಿಕೇರಿ. ಪರೀಕ್ಷಾ ಕೇಂದ್ರ. ಬಟ್ಟೆ ಹೊರಗಿಡಿ ಅಂದರು.
ನನ್ನ ಉತ್ತರ ಬರೆಯಲು ಹತ್ತನೇ ಕ್ಲಾಸಿನ ಹುಡುಗಿ:
"ಅಕ್ಕ, ಐದನೆಯದು ನಕ್ಷೆ, ಹತ್ತು ಅಂಕ.
ಕೆಳಗೆ ಹಾಕಿದ್ದಾರೆ, ಅಂಧ ಅಭ್ಯರ್ಥಿಗಳಿಗೆ ವಿನಾಯಿತಿ."

ವಿನಾಯಿತಿ.
ಎಷ್ಟು ಮೆತ್ತಗಿನ ಮಾತು,
ಬಾಗಿಲು ಹಾಕಿಕೊಂಡದ್ದೇ ಗೊತ್ತಾಗದ ಹಾಗೆ.

"ಬರಿ," ಅಂದೆ. "ಬೆಂಚಿನ ಮೇಲೆ ನನ್ನ ಬೆರಳು ಹೋದಂತೆ
ನಿನ್ನ ಪೆನ್ಸಿಲ್ ಹೋಗಲಿ."
ಗೆರೆ ಒಳಗೆ ಗೆರೆ.
ಯಾರದೋ ಬೂಟು ಹತ್ತಿರ ಬಂದು ನಿಂತಿತು;
ಏನೂ ಅನ್ನಲಿಲ್ಲ, ಹೋಗಲೂ ಇಲ್ಲ.

ಆ ಹತ್ತು ಕೊಟ್ಟರೋ ಇಲ್ಲವೋ ತಿಳಿಯದು,
ಒಟ್ಟು ಮೊತ್ತ ಮಾತ್ರ ಬರುತ್ತದೆ. ಪಾಸು.

ಸುಹರಾ ಸೂಜಿ ಕಚ್ಚಿಕೊಂಡೇ ಕೇಳಿದಳು:
"ಮುಂದಿನದು ಯಾವುದು?"
ಅರ್ಥಶಾಸ್ತ್ರ. ಬೇಡಿಕೆ ರೇಖೆ, ಪೂರೈಕೆ ರೇಖೆ.
"ಒಂದನ್ನೊಂದು ಕತ್ತರಿಸುತ್ತವಾ?"
ಹೂಂ.
"ಹಾಗಾದರೆ ಎರಡು ಬಣ್ಣ..." ಅಂದವಳು ತಡೆದು,
"ಅಲ್ಲ, ಎರಡು ದಪ್ಪದ ನೂಲು ಬೇಕು" ಅಂದಳು.