ಹೀಟರಿನ ಹಿಂದೆ

ಬಣ್ಣ ಯಾವಾಗ ಹೊಡೆಯೋದು, ಗುನ್‌ವೋರ್?
ಎಸ್ಕಿಲ್ ಕೇಳಿದ್ದು ಸೆಪ್ಟೆಂಬರಿನ ಕೊನೆಗೆ,
ಹೆರ್ನೊಸಾಂಡಿನ ದೋಣಿಗಳನ್ನೆಲ್ಲ ದಡಕ್ಕೆಳೆದು
ಟಾರ್ಪಾಲು ಹೊದಿಸುವ ವಾರ.
ಡಬ್ಬಿ ತಂದು ಮೂರು ವರ್ಷ.
ಮುಚ್ಚಳದ ಅಂಚಿಗೇ ತುಕ್ಕು ಬರುತ್ತಿದೆ.

ಐವತ್ತೊಂಬತ್ತರ ಡ್ಯುಯೆಟ್ಟು.
ಬಾಡಿ ಮರದ ಕುದುರೆಗಳ ಮೇಲೆ,
ಚಾಸಿ ಗೋಡೆಗೊರಗಿ,
ಎಂಜಿನ್ನು ಮೂಲೆಯಲ್ಲಿ, ನನ್ನ ಹಳೆ ಕಂಬಳಿ ಹೊದ್ದು.
ಉಳಿದದ್ದು ಜ್ಯಾಮಿನ ಬಾಟಲಿಗಳಲ್ಲಿ,
ಲಿಂಗೊನ್ ಹಣ್ಣಿನ ಚಿತ್ರದ ಕೆಳಗೆ ನನ್ನ ಅಕ್ಷರ:
ಎಡ ಬಾಗಿಲು, ಮೇಲಿನ ಕೀಲು.
ಒಂದು ಬೋಲ್ಟು ಈ ಗಾಡಿಯದಲ್ಲ.

ಮೊದಲು ಎಲ್ಲ ಒಮ್ಮೆ ಜೋಡಿಸಬೇಕು, ನನ್ನ ವಾದ.
ಚಾಸಿಯ ಮೇಲೆ ಕೂತಾಗಲೇ ಬಾಡಿ ಮೈ ಸಡಿಲಿಸುವುದು,
ಬಾಗಿಲ ಸಂದು ತನ್ನ ನಿಜ ಹೇಳುವುದು:
ಮೇಲೆ ಕಾಗದವೂ ತೂರದು, ಕೆಳಗೆ ಕಿರುಬೆರಳು ಹೋಗುತ್ತದೆ.
ಗಾಜು ಕೂರಿಸು, ರಬ್ಬರು ಹಾಕು,
ಬರೀ ಪ್ರೈಮರಿನಲ್ಲೇ ಕ್ರಾಮ್‌ಫೋರ್ಸ್ ತನಕ ಓಡಿಸು,
ಎಲ್ಲೆಲ್ಲಿ ಗೊಣಗುತ್ತದೆ ಕೇಳಿಸಿಕೋ.
ಮತ್ತೆ ಬಿಚ್ಚು. ಆಮೇಲೆ ಬಣ್ಣ.
ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ
ಗಂಡಸರನ್ನು ಬೇಕಾದಷ್ಟು ಕಂಡಿದ್ದೇನೆ,
ಮಿರಮಿರ ಮಿಂಚುವ ಬಾನೆಟ್ಟಿನ ಮೇಲೆ
ಸ್ಪ್ಯಾನರು ಜಾರಿಸಿ ಬಾಯಿಗೆ ಕೈ ಇಟ್ಟವರನ್ನು.

ಎಸ್ಕಿಲ್ ಒಪ್ಪುತ್ತಾನೆ. ಒಪ್ಪಿ,
ಪ್ರೈಮರು ಅಂದರೆ ಸ್ಪಂಜು ಕಣೇ, ಅನ್ನುತ್ತಾನೆ,
ಕಡಲಿನ ಗಾಳಿಯನ್ನು ಕುಡಿದು ಸುಮ್ಮನಿರುತ್ತೆ,
ಒಳಗೆ ತಗಡು ಬೇಯುತ್ತಿರುತ್ತೆ.
ಎರಡೆರಡು ಸಲ ಬಿಚ್ಚಲು ನಿನಗೆಷ್ಟು ಬೆನ್ನುಗಳಿವೆ?

ಇಬ್ಬರದೂ ಸರಿ. ಅದೇ ತೊಂದರೆ.

ಹೋದ ವರ್ಷ ಎಡಪಕ್ಕವನ್ನು ಉಪ್ಪುಕಾಗದದಲ್ಲಿ ತಿಕ್ಕುವಾಗ
ಮೀನಿನವನ ನೀಲಿ ಹೋಯಿತು,
ಕೆಳಗೆ ಯಾರೋ ಬ್ರಷ್ಷಿನಲ್ಲಿ ಬಳಿದ ಬಿಳಿ,
ಅದರ ಕೆಳಗೆ ಕಲ್ಲಿಗೆ ಪಾಚಿ ಕಟ್ಟಿದಂಥ ಹಸಿರು,
ಹಸಿರಲ್ಲಿ ಒಂದು ಬೇಕರಿಯ ಅರ್ಧ ಹೆಸರು,
ನಾಲ್ಕೇ ಅಂಕಿಯ ಫೋನ್ ನಂಬರು.
ಬೆಣ್ಣೆಕಾಗದ ಇಟ್ಟು ಪೆನ್ಸಿಲಿನಲ್ಲಿ ನಕಲು ತೆಗೆದುಕೊಂಡು
ಅದನ್ನೂ ತಿಕ್ಕಿದೆ.
ಪ್ರತಿ ಯಜಮಾನನಿಗೂ ಬಣ್ಣದ ಹೊತ್ತು ಗೊತ್ತಿತ್ತು:
ಹೆಚ್ಚಾಗಿ, ಮಾರುವುದಕ್ಕೆ ಒಂದು ವಾರ ಮೊದಲು.

ಜೂನ್ ಬರಲಿ, ಅಂದೆ. ಒಣ ಹವೆ,
ಇಪ್ಪತ್ತು ಡಿಗ್ರಿ, ರಾತ್ರಿ ಹತ್ತಕ್ಕೂ ಬೆಳಕು.
ಎಸ್ಕಿಲ್ ಕಾಫಿ ಕಪ್ಪನ್ನು ಸಾಸರಿಗೆ ಇಳಿಸಿದ.
ಅದು ಕೂರಲಿಲ್ಲ. ಟಕಟಕಟಕ ಅಂದಿತು,
ಅವನು ಇನ್ನೊಂದು ಕೈ ತಂದು ಹಿಡಿಯುವ ತನಕ.
ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ
ಒಂದೇ ಉಸಿರಿಗೆ ಹನ್ನೆರಡು ಮೀಟರ್ ಬಣ್ಣ ಎಳೆದ ಕೈ.
ಇಬ್ಬರೂ ಕಂಪ್ರೆಸರ್ ಕಡೆ ನೋಡಿದೆವು,
ಅದೇನೋ ಹೇಳಿದ ಹಾಗೆ.

ಎಂಜಿನ್ನಿನ ಹಿಂಗೋಡೆ ಹೊಡೆದುಬಿಡೋಣ, ಅಂದೆ.
ಅದೊಂದೇ. ಎಂಜಿನ್ನು ಕೂತ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.
ಯಾವ ಲೆಕ್ಕದಲ್ಲೂ ಅದೇ ಮೊದಲು.
(ಇದು ಸುಳ್ಳಲ್ಲ.)

ಶನಿವಾರ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದೆವು,
ಪ್ಲಾಸ್ಟಿಕ್ಕು ಕಟ್ಟಿದೆವು,
ಗ್ಯಾರೇಜು ಬೆಚ್ಚಗಾದ ಮೇಲೆ ಒಲೆ ಆರಿಸಿದೆವು.
ಬಲಗೈಯಲ್ಲಿ ಗನ್ನು, ಬಲಮಣಿಕಟ್ಟಿನ ಮೇಲೆ ಎಡಗೈ.
ಒಂದು ಸಾಲು. ಎರಡು. ಮೂರು,
ಹಸಿರು ಹಾಲಿನ ಕೆನೆಯಂತೆ ಕೂಡಿಕೊಂಡಿತು.
ನಾಲ್ಕನೆಯದು ಹೀಟರಿನ ತೂತಿನ ಬಳಿ
ಅರೆಗಳಿಗೆ ನಿಂತಿತು.
ಅಲ್ಲಿಂದ ಒಂದು ಹನಿ, ಹೆಬ್ಬೆರಳಷ್ಟು ಉದ್ದ,
ನಿಧಾನ ಇಳಿದು, ಉಳಿಯಿತು.

ಒಣಗಲಿ, ತಿಕ್ಕಿ ತೆಗೆದು ಮತ್ತೆ ಹೊಡೀತೀನಿ, ಅಂದ.
ಅಲ್ಲಿ ಹೀಟರಿನ ಪೆಟ್ಟಿಗೆ ಬರುತ್ತೆ ಬಿಡು, ಅಂದೆ.

ಹೊರಮೈ ಇನ್ನೂ ಇಟ್ಟಿಗೆಗೆಂಪು ಪ್ರೈಮರಿನಲ್ಲೇ ಇದೆ.
ಜೂನಿನ ಮಾತನ್ನು ನಾನೂ ತೆಗೆಯಲಿಲ್ಲ, ಅವನೂ.
ಸಂಜೆ ಗನ್ನು ಬಿಚ್ಚಿ ತೊಳೆಯುವುದು ಹೇಗೆಂದು ತೋರಿಸಿದ,
ನಾನು ಕೇಳದೆಯೇ:
ಮೊದಲು ಸೂಜಿ, ಆಮೇಲೆ ಮೂತಿ,
ಸೂಜಿಯನ್ನು ಎಂದೂ ಮುಂದಕ್ಕೆ ಎಳೆಯಬಾರದು.
ನಾನು ಸೂಜಿಯನ್ನಷ್ಟೇ ನೋಡಿದೆ.